ಉಷ್ಣದ ಮೈಯವರು

ಕ್ರೋಂಪೇಟೆಯಲ್ಲಿ ಇಳಿದವರೆಲ್ಲ ಮೇಲ್ಸೇತುವೆ ಹತ್ತಿ ಅವರವರ ದಾರಿ ಹಿಡಿದು, ಹಿಂದಿನಿಂದ ಮತ್ತೊಂದು ತಾಂಬರಂ ಗಾಡಿ ಬರುವ ಹೊತ್ತಾದರೂ ಜಯಲಕ್ಷ್ಮಿ ಪ್ಲಾಟ್‌ಫಾರ್ಮಿನ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ನೋಡಿದವರು ಯಾರನ್ನೋ ಕಾಯುತ್ತಿದ್ದಾಳೆಂದು ತಿಳಿಯಬೇಕು. ಅವಳು ಕಾಯುತ್ತಿದ್ದುದು ತನ್ನ ಉಸಿರಿಗೆ. ಅದು ಮಾಂಬಲಂ ಸ್ಟೇಷನ್ನಿನ ಮೆಟ್ಟಿಲಲ್ಲೇ ಹಿಂದೆ ಬಿದ್ದು, ನಿಧಾನವಾಗಿ ಮುಂದಿನ ಗಾಡಿಗೆ ಬರುತ್ತಿದೆಯೇನೋ ಅನ್ನಿಸುತ್ತಿತ್ತು.

ಮದ್ರಾಸಿನ ವೆಸ್ಟ್ ಮಾಂಬಲಂನ ಮನೆಯಿಂದ ಕ್ರೋಂಪೇಟೆಯ ಮಗನ ಫ್ಲ್ಯಾಟಿಗೆ ದಿನವೂ ಹೀಗೆ ಬಂದು, ಶಾಲೆ ಬಿಟ್ಟು ಬರುವ ಮೊಮ್ಮಗಳು ತೇಜುವನ್ನು ಸಂಜೆಯವರೆಗೆ ನೋಡಿಕೊಳ್ಳುವುದು ಅವಳ ಪಾಲಿಗೆ ಬಂದ ಕೆಲಸ. ಮಗ ಗುರುಚರಣ ಆಡಿಟರ್ ಒಬ್ಬರ ಆಫೀಸಿನಲ್ಲಿದ್ದ. ಸೊಸೆ ವೃಂದಾ ಮೈಸೂರಿನ ಹುಡುಗಿ, ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಇಬ್ಬರೂ ದೀಪ ಹಚ್ಚುವ ಮೊದಲು ಮನೆ ಸೇರುವವರಲ್ಲ. ಜಯಲಕ್ಷ್ಮಿ ಕೂಡ ರಿಟೈರಾಗುವ ಮುಂಚೆ ಮೂವತ್ತು ಚಿಲ್ಲರೆ ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳೇ. ಊಟದ ಬಿಡುವಿನಲ್ಲಿ ಉಳಿದ ಹೆಂಗಸರು ಸೀರೆ ಅಂಗಡಿಗೆ ಓಡಿದರೆ ಇವಳು ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚುತ್ತಿದ್ದಳು. ಅವರು ತಮಿಳಿನಲ್ಲಿ ‘ತೂಂಗುಮೂಂಜಿ’ ಎಂದು, ಅಂದರೆ ನಿದ್ದೆಮೋರೆಯವಳೆಂದು ಹೆಸರಿಟ್ಟರು. ಮನೆಯಲ್ಲಿ ಅತ್ತೆ ಕನ್ನಡದಲ್ಲಿ ಸೋಮಾರಿ ಎಂದರು. ಎರಡು ಭಾಷೆಯಲ್ಲೂ ಒಂದೇ ಮಾತು ಬಂದ ಮೇಲೆ ಅದು ನಿಜವೇ ಇರಬೇಕೆಂದು ಅವಳೂ ಒಪ್ಪಿಕೊಂಡುಬಿಟ್ಟಿದ್ದಳು.

ಸೋಮಾರಿ ಎಂದವರು ಅವಳ ಬೆಳಗನ್ನೊಮ್ಮೆ ನೋಡಬೇಕಿತ್ತು. ಗಂಡ ಪಂಢರಿನಾಥರು ರೈಲ್ವೆ ಅಕೌಂಟ್ಸಿನಿಂದ ನಿವೃತ್ತರಾದವರು, ಜಗಳಗಂಟರಲ್ಲ, ಮಿತಭಾಷಿ. ಆದರೆ ದೇವರಮನೆಯ ಹೊಸ್ತಿಲು ದಾಟಿದರೆ ಬೇರೆಯೇ ಮನುಷ್ಯ. ಅಜ್ಜನ ಕಾಲದಿಂದ ಬಂದ ಸಾಲಿಗ್ರಾಮದ ಪೂಜೆ; ಅದಕ್ಕೆ ಮಡಿಯಲ್ಲಿ ಮಾಡಿದ ಅಡಿಗೆಯೇ ನೈವೇದ್ಯಕ್ಕಾಗಬೇಕು. ಜಯಲಕ್ಷ್ಮಿ ಬೆಳಕು ಹರಿಯುವ ಮುಂಚೆ ತಲೆಗೆ ನೀರು ಹಾಕಿಕೊಂಡು, ಗಳುವಿನ ಮೇಲೆ ಒಣಗಿದ್ದ ಮಡಿಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟು, ಯಾರನ್ನೂ ಮುಟ್ಟದೆ, ಉಪ್ಪು ಹುಳಿ ರುಚಿ ನೋಡದೆ ಅಡಿಗೆ ಮುಗಿಸಿ, ನೈವೇದ್ಯವಾದ ಮೇಲೆ ಡಬ್ಬಿ ಕಟ್ಟಿಕೊಂಡು ಗಾಡಿಗೆ ಓಡಬೇಕಿತ್ತು.

ಅವಳ ಮೂಗಿಗೆ ಮಾತ್ರ ಈ ಮಡಿ ಮೈಲಿಗೆಯ ಪರಿವೆ ಇರಲಿಲ್ಲ. ತನಗೆ ತೋಚಿದಾಗ ಅದು ಸೋರುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುವಾಗ, ಹೆಸರುಬೇಳೆ ತೊಳೆಯಲು ಬಗ್ಗಿದಾಗ, ಇದ್ದಕ್ಕಿದ್ದ ಹಾಗೆ ರಕ್ತ ಬೆಚ್ಚಗೆ ಇಳಿದುಬಿಡುತ್ತಿತ್ತು. ರಕ್ತ ಕಂಡರೆ ಮೈಲಿಗೆ. ಒಲೆ ಆರಿಸಿ, ಆದ ಅಡಿಗೆಯನ್ನೆಲ್ಲ ಪಕ್ಕಕ್ಕಿಟ್ಟು, ಮತ್ತೆ ತಲೆಗೆ ಸ್ನಾನ, ಮತ್ತೆ ಅಡಿಗೆ. ಮದುವೆಯಾದ ಹೊಸತರಲ್ಲಿ ಹಾಗೇ ಮಾಡಿ ನೋಡಿದಳು. ಗಾಡಿ ತಪ್ಪಿತು, ಆಫೀಸಿನಲ್ಲಿ ಬೈಗುಳ ಬಿತ್ತು, ಅತ್ತೆ ಮೂರು ದಿನ ಮಾತು ಬಿಟ್ಟರು. ತವರಿಗೆ ಹೋದಾಗ ಅಮ್ಮನ ಹತ್ತಿರ ಅತ್ತಳು. ಅಮ್ಮ ಸುತ್ತ ನೋಡಿ ದನಿ ತಗ್ಗಿಸಿ ಉಪಾಯ ಹೇಳಿಕೊಟ್ಟಳು. ದೇವರ ದೀಪಕ್ಕೆ ಹೂಬತ್ತಿ ಹೊಸೆಯುವ ಹತ್ತಿಯನ್ನು ಚಿಟಿಕೆಯಷ್ಟು ಸೊಂಟದಲ್ಲಿ ಸಿಕ್ಕಿಸಿಕೊಂಡಿರಬೇಕು. ಬಂದ ಕೂಡಲೇ ಮೂಗಿಗೆ ಒತ್ತಿ, ತಲೆ ಹಿಂದಕ್ಕೆ ಚೆಲ್ಲಿ, ನುಂಗಿಬಿಡಬೇಕು. ನುಂಗಿದ್ದು ಯಾರಿಗೂ ಕಾಣುವುದಿಲ್ಲ. ನಮ್ಮದು ಉಷ್ಣದ ಮೈ, ಅದಕ್ಕೆ ಇಷ್ಟೊಂದು ರಂಪ ಯಾಕೆ ಎಂದಳು ಅಮ್ಮ. ಅವಳೂ ಹಾಗೆ ನುಂಗಿಯೇ ಮುದುಕಿಯಾಗಿದ್ದವಳು.

ತವರಿನವರೆಲ್ಲ ಉಷ್ಣದ ಮೈಯವರೇ. ಎಳನೀರು, ನನ್ನಾರಿ ಬೇರಿನ ಶರಬತ್ತು, ಶನಿವಾರಕ್ಕೊಂದು ಎಣ್ಣೆಸ್ನಾನ ಇದಕ್ಕೆ ಮದ್ದು. ಅಣ್ಣ ಸದಾನಂದನ ಬಲಗೈ ಬಲಗಾಲು ಮೂವತ್ತು ದಾಟುತ್ತಲೇ ಬಿದ್ದುಹೋಗಿ, ಅವನು ಬಹಳ ದಿನ ಉಳಿಯಲಿಲ್ಲ. ಉಷ್ಣ ತಲೆಗೇರಿತು ಎಂದರು. ಮಗ ಗುರುಚರಣನಿಗೆ ಶಾಲೆಯಲ್ಲಿ ಮೂಗಿನಿಂದ ರಕ್ತ ಸೋರಿದಾಗ ಜಯಲಕ್ಷ್ಮಿಯೂ ಅದನ್ನೇ ಹೇಳಿದಳು. ಮದ್ರಾಸಿನ ಕತ್ತರಿ ಬಿಸಿಲಿನಲ್ಲಿ, ಮೇ ತಿಂಗಳ ಆ ಉರಿಯಲ್ಲಿ, ಮೂಗು ಸೋರದವರು ಯಾರು?

ತೇಜುವಿನ ಮೂಗು ಸೋರುತ್ತಿರಲಿಲ್ಲ. ಅದಕ್ಕೇ ಯಾರಿಗೂ ಹೊಳೆಯಲಿಲ್ಲ. ಆ ಹುಡುಗಿಯ ತುಟಿ ಎಲ್ಲ ಕಾಲದಲ್ಲೂ ನೇರಳೆಹಣ್ಣು ತಿಂದ ಹಾಗಿರುತ್ತಿತ್ತು. ಬೆರಳ ತುದಿಗಳು ಗುಂಡಗೆ ಉಬ್ಬಿದ್ದವು. ಎಂಟು ವರ್ಷದ ಮಗು ಒಂದು ಮಹಡಿ ಹತ್ತಿ ಮೆಟ್ಟಿಲ ಮೇಲೆ ಕೂತುಬಿಡುವುದು, ಪಕ್ಕದಲ್ಲೇ ಅಜ್ಜಿಯೂ ಕೂರುವುದು, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುವುದು. ವೀಸಿಂಗ್, ಅಂದರೆ ಉಬ್ಬಸ ಎಂದರು ಬಡಾವಣೆಯ ಡಾಕ್ಟರು. ವರ್ಷಗಟ್ಟಲೆ ಇನ್‌ಹೇಲರ್ ಹೀರಿಸಿದ್ದಾಯಿತು. ಪಂಢರಿನಾಥರ ತೀರ್ಮಾನ ಬೇರೆ ಇತ್ತು. ಚರ್ಮ ಹದ ಮಾಡುವ ಕಾರ್ಖಾನೆಗಳ ಗಾಳಿಯಿರುವ ಊರಿನಲ್ಲಿ ಮನೆ ಮಾಡಿದ್ದು ಒಂದು, ನಿನ್ನೆಯ ಹುಳಿಯನ್ನು ಫ್ರಿಜ್ಜಿನಿಂದ ತೆಗೆದು ಬಿಸಿ ಮಾಡಿ ಮಗುವಿಗೆ ಬಡಿಸುವುದು ಇನ್ನೊಂದು. ಅವರು ಹೆಸರು ಹಿಡಿದು ಹೇಳುತ್ತಿರಲಿಲ್ಲ, ಆದರೆ ಫ್ರಿಜ್ಜು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ವೃಂದಾ ತುಟಿ ಕಚ್ಚಿಕೊಂಡು ತಟ್ಟೆ ಎತ್ತುತ್ತಿದ್ದಳು. ಜಯಲಕ್ಷ್ಮಿ ಸುಮ್ಮನಿರುತ್ತಿದ್ದಳು. ಸುಮ್ಮನಿರುವುದಕ್ಕೆ ಶಕ್ತಿ ಬೇಕಾಗುವುದಿಲ್ಲವಲ್ಲ.

ಈ ಸಲ ಶಾಲೆಯ ಆರೋಗ್ಯ ತಪಾಸಣೆಯಲ್ಲಿ ನರ್ಸು ತೇಜುವಿನ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಹಾಕಿದಳು. ಅಂಕಿ ನೋಡಿ ಬೆರಳು ಬದಲಿಸಿದಳು, ಆಮೇಲೆ ಕ್ಲಿಪ್ಪನ್ನೇ ಬದಲಿಸಿದಳು, ಕೊನೆಗೆ ವೃಂದಾಳಿಗೆ ಫೋನು ಮಾಡಿದಳು. ಅಲ್ಲಿಂದ ದೊಡ್ಡಾಸ್ಪತ್ರೆ. ಕೈಯ ನರಕ್ಕೆ ಗುಳ್ಳೆ ತುಂಬಿದ ಉಪ್ಪುನೀರು ಬಿಟ್ಟು, ಆ ಗುಳ್ಳೆಗಳು ಹೃದಯದಲ್ಲಿ ಎಲ್ಲಿಗೆ ಬರುತ್ತವೆಂದು ಪರದೆಯ ಮೇಲೆ ನೋಡಿದರು. ಬರಬಾರದ ಕಡೆ ಬಂದವು. ಆಮೇಲೆ ಸ್ಕ್ಯಾನ್.

ಡಾಕ್ಟರ್ ಶ್ರೀಪ್ರಿಯಾ ಚಿಕ್ಕ ವಯಸ್ಸಿನವಳು, ತಮಿಳಿನವಳು, ಅವಸರವಿಲ್ಲದೆ ಮಾತಾಡುವವಳು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ಶ್ವಾಸಕೋಶದಲ್ಲಿ ರಕ್ತ ಜರಡಿಯಂಥ ಸಣ್ಣ ಸಣ್ಣ ನಾಳಗಳನ್ನು ಹಾದು ಹೋಗಬೇಕು. ಅಲ್ಲೇ ಅದಕ್ಕೆ ಗಾಳಿ ಸಿಗುವುದು, ಅಲ್ಲೇ ಕಸಕಡ್ಡಿ ನಿಲ್ಲುವುದು. ಈ ಮಗುವಿನ ಬಲಗಡೆ ಒಂದು ಕಡೆ ಜರಡಿಯೇ ಇಲ್ಲ; ಹೋಗುವ ನಾಳಕ್ಕೂ ಬರುವ ನಾಳಕ್ಕೂ ನೇರ ಗಂಟು ಬಿದ್ದಿದೆ. ಗಾಳಿ ತಾಕದ ರಕ್ತ ಹಾಗೇ ಮೈಗೆ ಹೋಗುತ್ತಿದೆ. ಎದೆ ಕೊಯ್ಯಬೇಕಿಲ್ಲ, ಎಂದಾಗ ಗುರುಚರಣ ದೊಡ್ಡದಾಗಿ ಉಸಿರು ಬಿಟ್ಟ. ತೊಡೆಯ ಸಂದಿಯ ನರದಿಂದ ದಾರದಷ್ಟು ತೆಳ್ಳಗಿನ ಕೊಳವೆ ತೂರಿಸಿ, ಹೃದಯ ದಾಟಿಸಿ, ಆ ಗಂಟಿನ ಬಾಯಿಗೆ ತಂತಿಯ ಸುರುಳಿ ಇಟ್ಟು ಮುಚ್ಚಿಬಿಡುತ್ತೇವೆ. ಹೊಲಿಗೆಯೂ ಇರುವುದಿಲ್ಲ. ಆದರೆ ಬೇಗ ಮಾಡಬೇಕು, ಜರಡಿಯಿಲ್ಲದ ದಾರಿಯಲ್ಲಿ ಹೆಪ್ಪುಗಟ್ಟಿದ ರಕ್ತದ ಒಂದು ಸಣ್ಣ ಗರಣೆ ಹೋದರೂ ನೇರ ಮಿದುಳಿಗೆ ಹೋಗುತ್ತದೆ, ಪಾರ್ಶ್ವವಾಯು ಆಗುತ್ತದೆ ಎಂದಳು.

ಆಮೇಲೆ ಕೇಳಿದಳು, ಎರಡು ಮನೆತನದಲ್ಲಿ ಯಾರಿಗಾದರೂ ಮೂಗಿನಿಂದ ಪದೇ ಪದೇ ರಕ್ತ ಬರುವುದುಂಟೇ ಎಂದು. ಇದು ಕೆಲವು ವಂಶಗಳಲ್ಲಿ ಬರುವ ಕಾಯಿಲೆಯೂ ಆಗಿರಬಹುದು. ಹಾಗಿದ್ದರೆ ಮಿದುಳಿನಲ್ಲೂ ಇಂಥ ಗಂಟಿರಬಹುದು, ಮೊದಲು ಅದನ್ನು ನೋಡಿಕೊಳ್ಳಬೇಕು. ವೃಂದಾ ಯೋಚಿಸಿ ಇಲ್ಲವೆಂದಳು. ಗುರುಚರಣನೂ ಇಲ್ಲವೆಂದ. ಅವನು ಸುಳ್ಳು ಹೇಳಲಿಲ್ಲ. ಅವನ ಲೆಕ್ಕದಲ್ಲಿ ಅದು ಬಿಸಿಲು.

ಹಿಂದಿನ ಕುರ್ಚಿಯಲ್ಲಿ ಕೂತ ಅಜ್ಜಿಯನ್ನು ಯಾರೂ ಕೇಳಲಿಲ್ಲ. ಜಯಲಕ್ಷ್ಮಿಯ ಕಣ್ಣಮುಂದೆ ಸದಾನಂದನ ಸೊಟ್ಟಗಾದ ಬಾಯಿ ಬಂದು ನಿಂತಿತು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮೂಗಿನೊಳಗೆ ಪರಿಚಯದ ಬಿಸಿ ಇಳಿಯಿತು. ಇಷ್ಟು ವರ್ಷದ ಅಭ್ಯಾಸ. ಕೈ ತಾನಾಗಿ ಸೆರಗಿಗೆ ಹೋಯಿತು, ತಲೆ ಹಿಂದಕ್ಕೆ ಹೋಯಿತು, ಅವಳು ನುಂಗಿದಳು. ಅಷ್ಟು ಹೊತ್ತಿಗೆ ಎಲ್ಲರೂ ಎದ್ದಿದ್ದರು.

ಮುಂದಿನ ದಿನಗಳು ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಕಳೆದವು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳದಿದ್ದರೆ ಮಗುವಿನ ತಲೆಯೊಳಗೆ ಏನಿದೆಯೆಂದು ನೋಡದೆ ಒಳಗೆ ಕರೆದೊಯ್ಯುತ್ತಾರೆ. ಹೇಳಿದರೆ ಗಂಡನಿಗೆ ಎಲ್ಲವೂ ಗೊತ್ತಾಗುತ್ತದೆ. ಯಾವಾಗಿನಿಂದ, ಎಷ್ಟು ಸಲ ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. ರಕ್ತ ನುಂಗುತ್ತ ಮಾಡಿದ ಅಡಿಗೆಯನ್ನು ಮೂವತ್ತೆಂಟು ವರ್ಷ ದೇವರ ಮುಂದೆ ಇಟ್ಟಿದ್ದಳು, ಆ ಮನುಷ್ಯ ಅದಕ್ಕೆ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಅವರು ಕೂಗಾಡುವವರಲ್ಲ. ಪೂಜೆಯನ್ನೇ ನಿಲ್ಲಿಸಿಬಿಟ್ಟರೆ? ಅವರ ಬದುಕಿನಲ್ಲಿ ಉಳಿದಿರುವುದೇ ಅದೊಂದು. ಪಾರ್ಶ್ವವಾಯುವಿಗೂ ಮೈಲಿಗೆಗೂ ತಕ್ಕಡಿಯೇ ಎಂದು ಬೇರೆ ಯಾರಾದರೂ ಕೇಳಬಹುದು. ತೂಗಬೇಕಾದವಳಿಗೆ ತಕ್ಕಡಿ ಎತ್ತುವುದೇ ಭಾರವಾಗಿತ್ತು. ಇವತ್ತು ಹೇಳೋಣವೆಂದು ಗಾಡಿ ಹತ್ತುವಳು, ಕ್ರೋಂಪೇಟೆಯಲ್ಲಿ ಇಳಿದು ಬೆಂಚಿನ ಮೇಲೆ ಕೂರುವ ಹೊತ್ತಿಗೆ ಹೇಳುವ ತ್ರಾಣ ಉಳಿದಿರುತ್ತಿರಲಿಲ್ಲ.

ತೇಜುವನ್ನು ಆಸ್ಪತ್ರೆಗೆ ಸೇರಿಸಿದ ದಿನ ಮಧ್ಯಾಹ್ನ ಪಂಢರಿನಾಥರೂ ಮಂತ್ರಾಕ್ಷತೆ ಹಿಡಿದು ಬಂದರು. ಮರುದಿನ ಬೆಳಿಗ್ಗೆ ಮಗುವಿನ ಸರದಿ. ಹಾಸಿಗೆಯ ಮೇಲೆ ತೇಜು ಫೋನಿನಲ್ಲಿ ಆಡುತ್ತಿದ್ದಳು. ಡಾಕ್ಟರ್ ಶ್ರೀಪ್ರಿಯಾ ಬಂದು, ಎಲ್ಲವನ್ನೂ ಇನ್ನೊಮ್ಮೆ ಹೇಳಿ, ನಾನು ತಿಳಿದುಕೊಳ್ಳಬೇಕಾದದ್ದು ಮತ್ತೇನಾದರೂ ಇದೆಯೇ ಎಂದು ಕೇಳಿದಳು. ಗುರುಚರಣ ಇಲ್ಲವೆಂದು ತಲೆಯಾಡಿಸಿದ. ಡಾಕ್ಟರು ಬಾಗಿಲ ಕಡೆ ತಿರುಗಿದಳು.

ಜಯಲಕ್ಷ್ಮಿ ಎದ್ದು ನಿಂತಳು. ಆಸ್ಪತ್ರೆಯವರ ಜೊತೆ, ಅಂಗಡಿಯವರ ಜೊತೆ ಜೀವಮಾನವೆಲ್ಲ ತಮಿಳಾಡಿದವಳು. ಆಗ ಮಾತ್ರ ಬಾಯಿಗೆ ಕನ್ನಡವೇ ಬಂತು. ಯಾಕೆಂದರೆ ಅವಳು ನೋಡುತ್ತಿದ್ದುದು ಡಾಕ್ಟರನ್ನಲ್ಲ, ಗಂಡನನ್ನು.

“ನಂಗೆ ಚಿಕ್ಕಂದಿನಿಂದ ಮೂಗಲ್ಲಿ ರಕ್ತ ಬರ್ತದೆ,” ಎಂದಳು. “ವಾರದಲ್ಲಿ ಎರಡು ಸಲ, ಮೂರು ಸಲ. ನಮ್ಮಮ್ಮಂಗೂ ಬರ್ತಿತ್ತು, ಸದಾನಂದಂಗೂ ಬರ್ತಿತ್ತು. ಗುರುಗೂ ಬರ್ತದೆ. ಅದು ಮೈ ಸೂಡು, ಉಷ್ಣ ಅಂತ ನಾನೇ ಅವನಿಗೆ ಹೇಳ್ಕೊಟ್ಟೆ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ವೃಂದಾ ಅತ್ತೆಯ ಮುಖವನ್ನೇ ನೋಡುತ್ತ, ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಅವಳ ದನಿ ಸ್ವಲ್ಪವೂ ಅಲುಗಲಿಲ್ಲ.

“ಮಡೀಲಿದ್ದಾಗ್ಲೂ ಬರ್ತಿತ್ತು. ಹತ್ತಿ ಇಟ್ಕೊಂಡು, ನುಂಗಿಕೊಂಡು ಅಡಿಗೆ ಮಾಡ್ತಿದ್ದೆ. ಅದನ್ನೇ ದೇವ್ರಿಗೂ ಇಟ್ಟಿದೀನಿ.”

ಈ ಮಾತನ್ನು ವೃಂದಾ ತಿರುಗಿಸಲಿಲ್ಲ.

ಡಾಕ್ಟರು ಜೇಬಿನಿಂದ ಸಣ್ಣ ಟಾರ್ಚು ತೆಗೆದು ಜಯಲಕ್ಷ್ಮಿಯ ಬಾಯಿ ತೆರೆಸಿದಳು. ತುಟಿಯ ಮೇಲೆ, ನಾಲಗೆಯ ಮೇಲೆ ಕುಂಕುಮ ಸಿಡಿದ ಹಾಗೆ ಸಣ್ಣ ಕೆಂಪು ಚುಕ್ಕೆಗಳಿದ್ದವು; ಅವೇ ಈ ಕಾಯಿಲೆಯ ಗುರುತು ಎಂದಳು. ಕೆಳರೆಪ್ಪೆ ಎಳೆದು ನೋಡಿ, ರಕ್ತವೇ ಇಲ್ಲದೆ ಇಷ್ಟು ಬಿಳಿಚಿಕೊಂಡಿದೆಯಲ್ಲ ಎಂದು ತಮಿಳಿನಲ್ಲಿ ತನಗೇ ಹೇಳಿಕೊಂಡಳು. ಗುರುಚರಣನ ಬಾಯಿಯನ್ನೂ ತೆರೆಸಿದಳು. ಅವನ ಒಳತುಟಿಯಲ್ಲೂ ಎರಡು ಚುಕ್ಕೆ ಸಿಕ್ಕಿದವು. ನಾಳೆಯದು ಬೇಡ, ಮೊದಲು ಮಗುವಿನ ಮಿದುಳಿನ ಸ್ಕ್ಯಾನ್ ಆಗಲಿ, ಶ್ವಾಸಕೋಶದ ಚಿತ್ರವನ್ನೂ ನಾನು ಮತ್ತೊಮ್ಮೆ ಕೂತು ನೋಡುತ್ತೇನೆ ಎಂದು ಹೋದಳು. ಪಂಢರಿನಾಥರು ಮಂತ್ರಾಕ್ಷತೆಯನ್ನು ತೇಜುವಿನ ತಲೆಯ ಮೇಲೆ ಹಾಕಿ, ಮನೆಗೆ ಹೊರಟರು.

ಕಾರಿಡಾರಿನಲ್ಲಿ ವೃಂದಾ ಅತ್ತೆಯ ಪಕ್ಕ ಕೂತಳು.

“ನನ್ನ ಫ್ರಿಜ್ಜು ಅಂದ್ರು ಮಾವ,” ಎಂದಳು. “ಇಷ್ಟು ವರ್ಷ. ನೀವು ಸುಮ್ನಿದ್ರಿ ಅತ್ತೆ.”

“ಹೂಂ. ಸುಮ್ನಿದ್ದೆ.”

ವೃಂದಾ ಪರವಾಗಿಲ್ಲ ಎನ್ನಲಿಲ್ಲ. ಪರವಾಗಿಲ್ಲ ಎನ್ನುವಂಥದ್ದೂ ಅದಾಗಿರಲಿಲ್ಲ. ಆದರೆ ಎದ್ದು ಹೋಗಿ ಕ್ಯಾಂಟೀನಿನಿಂದ ಹಾಲು ತಂದು ಕೈಗೆ ಕೊಟ್ಟಳು, ಕುಡಿದು ಮುಗಿಸುವ ತನಕ ಎದುರಿಗೇ ನಿಂತಿದ್ದಳು.

ತೇಜುವಿನ ಮಿದುಳಿನಲ್ಲಿ ಏನೂ ಇರಲಿಲ್ಲ. ಆದರೆ ಎಡಗಡೆಯ ಶ್ವಾಸಕೋಶದಲ್ಲಿ, ಮೊದಲ ಸಲ ಯಾರ ಕಣ್ಣಿಗೂ ಬೀಳದ ಮತ್ತೊಂದು ಗಂಟು ಸಿಕ್ಕಿತು. ಅಷ್ಟೇನೂ ಸಣ್ಣದಲ್ಲ. ವಂಶದ ಕಾಯಿಲೆ ಎಂದು ತಿಳಿಯದಿದ್ದರೆ ಅದನ್ನು ಹುಡುಕುತ್ತಲೇ ಇರಲಿಲ್ಲ, ಬಲಗಡೆಯದನ್ನು ಮುಚ್ಚಿ ಮನೆಗೆ ಕಳಿಸುತ್ತಿದ್ದೆ ಎಂದಳು ಡಾಕ್ಟರು. ಗುರುಚರಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಎರಡನ್ನೂ ಒಂದೇ ಸಲಕ್ಕೆ ಮುಚ್ಚುವುದೆಂದಾಯಿತು. ಆ ದಿನ ತೇಜುವನ್ನು ಒಳಗೆ ಕರೆದೊಯ್ದ ಮೇಲೆ ಮಗ ಸೊಸೆ ಬಾಗಿಲ ಹತ್ತಿರವೇ ನಿಂತರು. ಪಂಢರಿನಾಥರು ಬಂದು ಹೆಂಡತಿಯಿಂದ ಒಂದು ಕುರ್ಚಿ ಬಿಟ್ಟು ಕೂತರು. ಆ ಮಧ್ಯಾಹ್ನದ ನಂತರ ಅವರು ಅವಳ ಜೊತೆ ಮಾತಾಡಿರಲಿಲ್ಲ. ಪೂಜೆ ನಡೆದಿತ್ತು, ಹಾಲು ಹಣ್ಣು ನೈವೇದ್ಯವಿಟ್ಟು ತಾವೇ ಮುಗಿಸಿಕೊಂಡಿದ್ದರು. ಜಯಲಕ್ಷ್ಮಿ ಬರುವ ಮಾತಿಗೆ ತಯಾರಾಗಿ ಕೂತಿದ್ದಳು. ಬೈದರೆ ಬೈಯಲಿ, ಬೇಗ ಬೈದು ಮುಗಿಸಲಿ ಎನ್ನುವಷ್ಟು ದಣಿದಿದ್ದಳು.

“ನಂಗೆ ಗೊತ್ತಿತ್ತು,” ಎಂದರು ಅವರು.

ಅವಳಿಗೆ ಮೊದಲು ತಿಳಿಯಲಿಲ್ಲ. ಅವರು ಬಚ್ಚಲಲ್ಲಿ ಬಿದ್ದಿರುತ್ತಿದ್ದ ಹತ್ತಿಯ ಮಾತೆತ್ತಿದರು. ಗುರು ಹುಟ್ಟುವ ಮುಂಚಿನಿಂದ ನೋಡಿದ್ದರಂತೆ. ಎಷ್ಟೋ ಸಲ ಅದರ ಮೇಲೆ ತಾವೇ ಚೊಂಬು ನೀರು ಹಾಕಿ, ತಾಯಿಯ ಕಣ್ಣಿಗೆ ಬೀಳದ ಹಾಗೆ ಮಾಡಿದ್ದರಂತೆ.

“ಬಾಯ್ಬಿಟ್ಟು ಹೇಳಿದ್ರೆ ನೀನು ಮತ್ತೆ ತಲೆಗೆ ನೀರು ಹಾಕ್ಕೋಬೇಕಿತ್ತು. ಗಾಡಿ ತಪ್ಪೋದು. ದೇವ್ರು ನೋಡ್ಕೋತಾನೆ ಅಂತ ನೋಡದ ಹಾಗೆ ಇದ್ಬಿಟ್ಟೆ.”

ತಮ್ಮ ಜೀವಮಾನದ ದೊಡ್ಡ ದಾನವನ್ನು ಹೇಳುವಂತೆ ಅದನ್ನು ಹೇಳಿದರು. ದಾನವೇ ಹೌದು, ಆ ಮನುಷ್ಯನಿಗೆ ಮಡಿಯನ್ನು ಬಿಟ್ಟುಕೊಡುವುದೆಂದರೆ ಎಷ್ಟು ಎಂದು ಅವಳಿಗಲ್ಲದೆ ಯಾರಿಗೆ ಗೊತ್ತು? ತಾನು ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಅವರೂ ಆಚೆ ಬದಿಯಿಂದ ಬಚ್ಚಿಡುತ್ತಿದ್ದರೆಂದು ತಿಳಿದು ಜಯಲಕ್ಷ್ಮಿಯ ಎದೆ ಹಗುರಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ಅಂಥ ಸಿಟ್ಟು ತನ್ನೊಳಗೆ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

“ಮೈಲಿಗೆ ಆಯ್ತಾ ಇಲ್ವಾ ಅಂತ ಇಷ್ಟು ಯೋಚ್ನೆ ಮಾಡಿದ್ರಿ,” ಎಂದಳು, ಮೆಲ್ಲಗೆ. “ಇವಳಿಗೆ ಯಾಕೆ ಇಷ್ಟು ರಕ್ತ ಹೋಗ್ತಿದೆ ಅಂತ ಒಂದು ದಿನ ಅನ್ನಿಸ್ಲಿಲ್ವಾ?”

ಕೆಟ್ಟ ಮನುಷ್ಯನಾಗಿದ್ದರೆ ಏನಾದರೂ ಉತ್ತರ ಹುಟ್ಟುತ್ತಿತ್ತೋ ಏನೋ. ಪಂಢರಿನಾಥರು ತಮ್ಮ ಅಂಗೈಗಳನ್ನು ನೋಡುತ್ತ ಕೂತರು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ನಡುವೆ ಖಾಲಿ ಬಿಟ್ಟಿದ್ದ ಕುರ್ಚಿಗೆ ಬಂದು ಕೂತರು. ಅವಳು ಸರಿಯಲಿಲ್ಲ.

ಡಾಕ್ಟರು ಹೊರಗೆ ಬಂದಾಗ ಹಸಿರು ಟೊಪ್ಪಿ ಇನ್ನೂ ತಲೆಯ ಮೇಲಿತ್ತು. ಎರಡೂ ಮುಚ್ಚಿದೆ ಎಂದಳು. ಒಬ್ಬೊಬ್ಬರಾಗಿ ಒಳಗೆ ಬಿಟ್ಟರು. ಮಂಪರಿನಲ್ಲಿದ್ದ ತೇಜುವಿನ ತುಟಿ ಸಾಮಾನ್ಯ ಮಕ್ಕಳ ತುಟಿಯ ಹಾಗಿತ್ತು, ಅಷ್ಟೇ. ಅದನ್ನು ನೋಡಿ ವೃಂದಾ ಮೊದಲ ಸಲ ಅತ್ತಳು. ಅಜ್ಜಿಯನ್ನು ಕಂಡು ಹುಡುಗಿ ತನ್ನ ತಮಿಳಿನಲ್ಲಿ, “ಅಜ್ಜಿ, ವಲಿಕ್ಕವೇ ಇಲ್ಲೆ,” ಎಂದಳು. ನೋಯಲೇ ಇಲ್ಲವಂತೆ.

ಹೊರಗೆ ಡಾಕ್ಟರು ಮುಂದಿನದನ್ನು ಹೇಳುತ್ತಿದ್ದಳು. ಗುರುಚರಣನಿಗೂ ಗುಳ್ಳೆಯ ಪರೀಕ್ಷೆ ಆಗಬೇಕು. ಅವನು ಈ ತಿಂಗಳ ಆಡಿಟ್ ಮುಗಿಯಲಿ ಎಂದ. ವೃಂದಾ ನಾಳೆಯೇ ಎಂದಳು. ಅಜ್ಜಿಗೂ ಆಗಬೇಕು ಎಂದಳು ಡಾಕ್ಟರು. ಅವಳಿಗೇನು, ಈ ವಯಸ್ಸಿನಲ್ಲಿ, ಎಂದು ಪಂಢರಿನಾಥರ ಬಾಯಿಗೆ ಬಂದದ್ದು ಅರ್ಧದಲ್ಲೇ ನಿಂತಿತು. ಎಲ್ಲರೂ ಜಯಲಕ್ಷ್ಮಿಯ ಕಡೆ ತಿರುಗಿದರು. ಬೇಡ, ನಂಗೇನಾಗಿದೆ, ಮೊದಲು ಮಗು ಚೆನ್ನಾಗಲಿ ಎಂದು ಅವಳು ಹೇಳುವಳೆಂದು ಅವರಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

“ನನಗೆ ಸುಸ್ತು, ಡಾಕ್ಟರ್,” ಎಂದಳು. ಈ ಸಲ ತಮಿಳಿನಲ್ಲೇ, ಎದುರಿಗಿರುವವಳಿಗೆ ನೇರವಾಗಿ ತಿಳಿಯುವಂತೆ.

ಯಾವಾಗಿನಿಂದ ಎಂದು ಶ್ರೀಪ್ರಿಯಾ ಕೇಳಿದಳು. ಕೇಳಿ, ಉತ್ತರಕ್ಕೆ ಕಾದಳು. ಜಯಲಕ್ಷ್ಮಿ ಹಿಂದಕ್ಕೆ ಹೋಗಿ ಹುಡುಕಿದಳು. ರಿಟೈರಾದ ಮೇಲೆ ಎನ್ನೋಣವೆಂದರೆ ಅಲ್ಲ. ಗುರು ಹುಟ್ಟಿದ ಮೇಲೆ, ಅಲ್ಲ. ಮದುವೆಯಾದ ಮೇಲೆ, ಅದೂ ಅಲ್ಲ. ಎಷ್ಟು ಹಿಂದಕ್ಕೆ ಹೋದರೂ ಸುಸ್ತಿಲ್ಲದ ಒಂದು ದಿನ ಸಿಗಲಿಲ್ಲ.

“ಹುಟ್ಟಿದಾಗಿನಿಂದಲೇ ಇರಬೇಕು,” ಎಂದಳು. “ಎಲ್ಲರಿಗೂ ಹೀಗೇ ಇರುತ್ತೆ, ಅವರು ತಡೆದುಕೊಳ್ತಾರೆ, ನನಗೆ ತಡೆದುಕೊಳ್ಳೋಕೆ ಬರಲ್ಲ ಅಂದುಕೊಂಡಿದ್ದೆ.”